ಮೈದನಹಳ್ಳಿಯಲ್ಲಿ ಕೃಷ್ಣಮೃಗ ಎಣಿಸುವ ಬಗೆ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿಗೆ ಯಾರೇ ಬಂದರೂ ಮೊದಲು ಕೇಳುವುದು ‘ಇಲ್ಲಿ ಎಷ್ಟು ಜಿಂಕೆ ಇವೆ?’ ಎಂದು. ಅರಣ್ಯ ವೀಕ್ಷಕರು ಒಂದು ಸಂಖ್ಯೆ ಹೇಳುತ್ತಾರೆ, ಕುರಿ ಮೇಯಿಸುವವರು ಇನ್ನೊಂದು ಹೇಳುತ್ತಾರೆ, ಕಡ್ಲೆಕಾಯಿ ಬೆಳೆ ಕಳೆದುಕೊಂಡ ರೈತರು ಹೇಳುವ ಸಂಖ್ಯೆ ಇವೆರಡಕ್ಕಿಂತಲೂ ದೊಡ್ಡದು. ಯಾರದ್ದೂ ಸುಳ್ಳಲ್ಲ. ನೋಡಿದ ಹೊತ್ತು ಬೇರೆ, ನಿಂತ ಜಾಗ ಬೇರೆ. ಗಣತಿ ಎಂದರೆ ಈ ಹೊತ್ತು, ಜಾಗ, ನೋಡುವ ಕ್ರಮ ಮೂರನ್ನೂ ಬಿಗಿ ಮಾಡಿ, ಮುಂದಿನ ವರ್ಷ ಬೇರೆಯವರು ಬಂದು ಎಣಿಸಿದರೂ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡುವಂತೆ ಮಾಡುವ ಕೆಲಸ. ಈ ವರ್ಷ ಎಷ್ಟಿವೆ ಎನ್ನುವುದಕ್ಕಿಂತ ಏರುತ್ತಿವೆಯೋ ಇಳಿಯುತ್ತಿವೆಯೋ ಎನ್ನುವುದೇ ಮುಖ್ಯ ಪ್ರಶ್ನೆ.

ದೊಡ್ಡ ಹಿಂಡುಗಳನ್ನು ಎಣಿಸುವ ಪಾಠ ಕಲಿಯಲು ತಾಂಜಾನಿಯಾದ ಸೆರೆಂಗೆಟಿಗಿಂತ ಒಳ್ಳೆಯ ಶಾಲೆ ಇಲ್ಲ. 1958ರಲ್ಲಿ ಜರ್ಮನಿಯ ಪ್ರಾಣಿತಜ್ಞ ಬರ್ನ್‌ಹಾರ್ಡ್ ಗ್ರ್ಝಿಮೆಕ್ ಮತ್ತು ಅವರ ಮಗ ಮೈಕೆಲ್ ಪುಟ್ಟ ವಿಮಾನದಲ್ಲಿ ಹಾರಿ, ವಿಲ್ಡೆಬೀಸ್ಟ್ ಎಂಬ ದೊಡ್ಡ ಹುಲ್ಲೆಗಳನ್ನು 99,481 ಎಂದು ಎಣಿಸಿದರು. 1961ರ ಎಣಿಕೆಯಲ್ಲಿ ಸುಮಾರು 2.6 ಲಕ್ಷ ಬಂತು. ವರ್ಷಕ್ಕೆ ಒಂದೇ ಕರು ಹಾಕುವ ಪ್ರಾಣಿ ಮೂರು ವರ್ಷದಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚಾಗಲು ಸಾಧ್ಯವಿಲ್ಲ. ಅಂದರೆ ಆ ಏರಿಕೆಯ ಒಂದು ಪಾಲು ಪ್ರಾಣಿಗಳದ್ದಲ್ಲ, ಎಣಿಸಿದ ಕ್ರಮದ್ದು. ಆಮೇಲೆ ನಿಜವಾದ ಏರಿಕೆಯೂ ಬಂತು: ದನಗಳಿಗೆ ಲಸಿಕೆ ಹಾಕಿ ರಿಂಡರ್‌ಪೆಸ್ಟ್ ರೋಗವನ್ನು ಹಿಮ್ಮೆಟ್ಟಿಸಿದ ಮೇಲೆ 1970ರ ದಶಕದ ಕೊನೆಗೆ ಅವು 13 ಲಕ್ಷ ದಾಟಿದವು. ಕ್ರಮ ಬದಲಾದಾಗ ಈ ಎರಡು ಏರಿಕೆಗಳನ್ನು ಬೇರ್ಪಡಿಸುವುದು ಎಷ್ಟು ಕಷ್ಟ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮೈದನಹಳ್ಳಿಗೆ ಇಳಿಯಬೇಕು.

ಮೊದಲು ಎಲ್ಲೆ, ಆಮೇಲೆ ಕಾಲ

ಮೈದನಹಳ್ಳಿಯ ಈ ಹುಲ್ಲುಗಾವಲು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು 2007ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ 798 ಎಕರೆ, ಅಂದರೆ 3.23 ಚದರ ಕಿ.ಮೀ. ಜಿಂಕೆಗೆ ಈ ಎಲ್ಲೆ ಗೊತ್ತಿಲ್ಲ. ಸುತ್ತಲ ಹೊಲ, ಕೆರೆಯಂಗಳ, ಆಂಧ್ರದ ಗಡಿಯಾಚೆಯ ಬಯಲಿಗೂ ಹೋಗಿಬರುತ್ತದೆ. ಆದ್ದರಿಂದ ನಕ್ಷೆಯ ಮೇಲೆ ಎರಡು ಗೆರೆ ಎಳೆಯಿರಿ: ಒಂದು ಮೀಸಲಿನದು, ಇನ್ನೊಂದು ಅದರ ಸುತ್ತ ನಿಮ್ಮ ಜನಬಲಕ್ಕೆ ಎಟುಕುವ ಹೊಲಗಳದು. ಒಳಗೆ ಒಂದು ಕ್ರಮ, ಹೊರಗೆ ಇನ್ನೊಂದು ಕ್ರಮ. ಎರಡರ ಸಂಖ್ಯೆಯನ್ನೂ ಬೇರೆ ಬೇರೆಯಾಗಿಯೇ ಬರೆದಿಡಬೇಕು.

ಕಾಲ ಯಾವುದು? ಸಂಕ್ರಾಂತಿ ಕಳೆದ ಮೇಲೆ, ಫೆಬ್ರವರಿ ಮುಗಿಯುವ ಮೊದಲು. ಆಗ ಕಡ್ಲೆಕಾಯಿ, ರಾಗಿ ಎರಡೂ ಕಟಾವಾಗಿ ಹೊಲ ಬಯಲಾಗಿರುತ್ತದೆ, ಹುಲ್ಲು ಒಣಗಿ ಬಾಗಿರುತ್ತದೆ, ಬಿಸಿಲಿನ ಝಳಕ್ಕೆ ದೂರದ ನೋಟ ನಡುಗಲು ಇನ್ನೂ ಶುರುವಾಗಿರುವುದಿಲ್ಲ. ಸೆರೆಂಗೆಟಿಯಲ್ಲೂ ಇದೇ ತರ್ಕ: ಹಿಂಡುಗಳು ದಕ್ಷಿಣದ ಗಿಡ್ಡ ಹುಲ್ಲಿನ ಬಯಲಿಗೆ ಬಂದು ಸೇರಿರುವ ಮಳೆಗಾಲದಲ್ಲಿ ವಿಲ್ಡೆಬೀಸ್ಟ್ ಎಣಿಸುತ್ತಾರೆ, ಮರಗಳ ನಡುವೆ ಚದುರಿ ಹೋದ ಮೇಲಲ್ಲ. ನೀವು ಯಾವ ವಾರ ಆರಿಸಿದರೂ ಪ್ರತಿ ವರ್ಷ ಅದೇ ವಾರಕ್ಕೆ ಅಂಟಿಕೊಳ್ಳಿ.

ಅನುಮತಿಯ ಕೆಲಸವನ್ನು ಎರಡು ತಿಂಗಳು ಮೊದಲೇ ಶುರುಮಾಡಿ. ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಗೆರೆ ಹಾಕುವುದಾಗಲಿ, ಡ್ರೋನ್ ಹಾರಿಸುವುದಾಗಲಿ ಬೇಡವೇ ಬೇಡ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ.

ಗೆರೆ ಹಾಕುವುದು

ಮೀಸಲಿನೊಳಗೆ ಲೈನ್ ಟ್ರಾನ್ಸೆಕ್ಟ್ ಒಳ್ಳೆಯದು: ನೇರ ಗೆರೆಗಳ ಮೇಲೆ ನಡೆಯುತ್ತಾ, ಕಂಡ ಪ್ರತಿ ಹಿಂಡು ಗೆರೆಯಿಂದ ಎಷ್ಟು ದೂರದಲ್ಲಿದೆ ಎಂದು ಅಳೆಯುವ ಕ್ರಮ. ದೂರ ಹೆಚ್ಚಾದಂತೆ ಕಣ್ಣಿಗೆ ಬೀಳುವುದು ಕಡಿಮೆ. ಆ ಇಳಿಕೆಯ ವೇಗದಿಂದಲೇ ಕಾಣದೆ ಉಳಿದವುಗಳ ಪಾಲನ್ನು ಲೆಕ್ಕ ಹಾಕುತ್ತೇವೆ. ಮುಕ್ಕಾಲು ಭಾಗ ತೆರೆದ ಹುಲ್ಲು, ಉಳಿದದ್ದು ನೀಲಗಿರಿ ತೋಪು, ಜಾಲಿ ಪೊದೆ ಎನ್ನುವಂಥ ಜಾಗದಲ್ಲಿ ‘ಎಲ್ಲವನ್ನೂ ಕಂಡೆವು’ ಎಂದು ಯಾರೂ ಹೇಳುವಂತಿಲ್ಲ.

ಗೆರೆಗಳು 200 ಮೀಟರ್‌ಗೆ ಒಂದರಂತೆ ಸಮಾನಾಂತರವಾಗಿ ಇರಲಿ. 3.23 ಚದರ ಕಿ.ಮೀ.ಗೆ ಸುಮಾರು 10 ಗೆರೆ, ಒಟ್ಟು ಸುಮಾರು 16 ಕಿ.ಮೀ. ಉದ್ದ ಬರುತ್ತದೆ. ಹತ್ತಕ್ಕಿಂತ ಕಡಿಮೆ ಗೆರೆ ಹಾಕಿದರೆ ಗೆರೆಯಿಂದ ಗೆರೆಗೆ ಇರುವ ವ್ಯತ್ಯಾಸ ಸರಿಯಾಗಿ ಸಿಗದೆ, ಕೊನೆಯಲ್ಲಿ ತಪ್ಪಿನ ಅಂದಾಜೇ ತಪ್ಪಾಗುತ್ತದೆ.

ಮೊದಲ ಗೆರೆ ಎಲ್ಲಿಂದ ಶುರುವಾಗಬೇಕು ಎಂಬುದನ್ನು ನೀವು ಆರಿಸಬಾರದು, ಚೀಟಿ ಆರಿಸಬೇಕು. 10, 20, 30 ಹೀಗೆ 200ರವರೆಗೆ ಇಪ್ಪತ್ತು ಚೀಟಿ ಬರೆದು ಒಂದನ್ನು ಎತ್ತಿ. ಎಲ್ಲೆಯಿಂದ ಅಷ್ಟು ಮೀಟರ್ ಒಳಗೆ ಮೊದಲ ಗೆರೆ. ಹಾಗೆ ಮಾಡದಿದ್ದರೆ ಮನಸ್ಸು ತಾನಾಗಿ ಜಿಂಕೆ ಹೆಚ್ಚು ಕಾಣುವ ಕಡೆಗೆ ಗೆರೆಯನ್ನು ಎಳೆಯುತ್ತದೆ. ಇರುವ ಗಾಡಿ ಜಾಡನ್ನೇ ಗೆರೆ ಮಾಡಿಕೊಳ್ಳುವುದಂತೂ ದೊಡ್ಡ ತಪ್ಪು. ಜೀಪು, ಬೈಕು ಓಡಾಡುವ ಜಾಡಿನಿಂದ ಹಿಂಡು ಸರಿದೇ ಇರುತ್ತದೆ.

ಪ್ರತಿ ಗೆರೆಯೂ ಹುಲ್ಲು ಮತ್ತು ತೋಪು ಎರಡನ್ನೂ ಹಾಯ್ದು ಹೋಗುವಂತಿರಲಿ. ಒಂದು ಗೆರೆ ಪೂರ್ತಿ ಹುಲ್ಲು, ಇನ್ನೊಂದು ಪೂರ್ತಿ ತೋಪು ಆದರೆ ಲೆಕ್ಕದ ಏರುಪೇರು ಬೆಳೆಯುತ್ತದೆ. ಸಾಧ್ಯವಾದರೆ ಉತ್ತರ-ದಕ್ಷಿಣವಾಗಿ ಹಾಕಿ. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿ ನಡೆದರೆ ಸೂರ್ಯ ಕಣ್ಣಿಗೆ ಹೊಡೆದು ಎದುರಿನ ಹಿಂಡು ಬರೀ ನೆರಳಾಗುತ್ತದೆ. ಎರಡೂ ಹೊಂದದಿದ್ದರೆ ಮೊದಲನೆಯದಕ್ಕೇ ಮಣೆ ಹಾಕಿ.

ನಡೆಯುವ ದಿನ

ಒಂದು ಗೆರೆಗೆ ಮೂವರು: ಮುಂದೆ ನೋಡುವವರು, ಅಳೆಯುವವರು, ಬರೆಯುವವರು. ಜಾಗ ಬಲ್ಲ ವೀಕ್ಷಕರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅವರ ಕಣ್ಣು ಒಣಹುಲ್ಲಿನಲ್ಲಿ ಮಲಗಿದ ಹೆಣ್ಣನ್ನು ಹಿಡಿಯುವಷ್ಟು ಬೇಗ ನಮ್ಮ ಬೈನಾಕ್ಯುಲರ್ ಹಿಡಿಯುವುದಿಲ್ಲ. ಸಾಮಾನು ಇಷ್ಟು: 8×42 ಬೈನಾಕ್ಯುಲರ್, ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್, ಡಿಗ್ರಿ ಓದಬಲ್ಲ ಕಂಪಾಸು, ಜಿಪಿಎಸ್, ಝೂಮ್ ಇರುವ ಕ್ಯಾಮೆರಾ, ಪ್ಯಾಡು, ಪೆನ್ಸಿಲ್. ಪೆನ್ನು ಬೇಡ, ಇಬ್ಬನಿಗೆ ಕಾಗದ ಒದ್ದೆಯಾದರೆ ಶಾಯಿ ಹರಡುತ್ತದೆ. ಮಣ್ಣಿನ ಬಣ್ಣದ ಬಟ್ಟೆ ತೊಡಿ.

ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ. ಏಳಕ್ಕೆ ಶುರುಮಾಡಿ. ಮಂಜು ಕವಿದಿದ್ದರೆ ಅದು ಏಳುವವರೆಗೆ ಎಲ್ಲ ತಂಡಗಳೂ ಕಾಯಬೇಕು. ಒಂಬತ್ತಕ್ಕೆ ಮುಗಿಸಿ. ಮೊದಲ ದಿನ ಬೆಸ ಸಂಖ್ಯೆಯ ಐದು ಗೆರೆ, ಒಂದು ದಿನ ಬಿಟ್ಟು ಸರಿ ಸಂಖ್ಯೆಯ ಐದು, ಆಮೇಲೆ ಇದನ್ನೇ ಇನ್ನೊಂದು ಸುತ್ತು. ಪಕ್ಕಪಕ್ಕದ ಗೆರೆಗಳಲ್ಲಿ ಒಟ್ಟಿಗೆ ನಡೆದರೆ ಒಂದು ತಂಡ ಎಬ್ಬಿಸಿದ ಹಿಂಡು ಇನ್ನೊಂದು ತಂಡದ ಎದುರಿಗೇ ಬಂದು ನಿಲ್ಲುತ್ತದೆ. ನಾಲ್ಕು ಬೆಳಗಿನಲ್ಲಿ ಒಟ್ಟು 32 ಕಿ.ಮೀ. ನಡಿಗೆಯಾಗುತ್ತದೆ. ಲೆಕ್ಕ ನಿಲ್ಲಬೇಕಾದರೆ ಕನಿಷ್ಠ 60ರಿಂದ 80 ಹಿಂಡುಗಳ ನೋಟ ಬೇಕು. ಸಿಗದಿದ್ದರೆ ಮೂರನೆಯ ಸುತ್ತು ನಡೆಯಿರಿ.

ಗಂಟೆಗೆ ಒಂದು, ಒಂದೂಕಾಲು ಕಿ.ಮೀ.ಗಿಂತ ವೇಗ ಬೇಡ. ಪ್ರತಿ ನೂರು ಹೆಜ್ಜೆಗೆ ನಿಂತು ಮುಂದಿನ ಹುಲ್ಲನ್ನು ಬೈನಾಕ್ಯುಲರಿನಲ್ಲಿ ಎಡದಿಂದ ಬಲಕ್ಕೆ ಸೋಸಿ. ಕೃಷ್ಣಮೃಗದ ವಿಷಯದಲ್ಲಿ ಇದೇ ಜೀವಾಳ. ಅದು ಕಣ್ಣನ್ನು ನಂಬಿ ಬದುಕುವ ಪ್ರಾಣಿ, ನಾವು ಅದನ್ನು ನೋಡುವ ಮೊದಲೇ ಅದು ನಮ್ಮನ್ನು ನೋಡಿರುತ್ತದೆ. ಗೆರೆಯ ಹತ್ತಿರವಿದ್ದ ಹಿಂಡು ಮೆಲ್ಲಗೆ 150 ಮೀಟರ್ ಸರಿದು ನಿಂತ ಮೇಲೆ ನೀವು ಅಳೆದರೆ, ಹತ್ತಿರದ ಪ್ರಾಣಿಗಳೆಲ್ಲ ದೂರದವಾಗಿ ದಾಖಲಾಗುತ್ತವೆ, ಅಂದಾಜು ಕುಸಿಯುತ್ತದೆ. ಹಿಂಡು ಮೊದಲು ಕಂಡಾಗ ನಿಂತಿದ್ದ ಜಾಗಕ್ಕೇ ಅಳತೆ ಹಿಡಿಯಬೇಕು, ಓಡಿ ನಿಂತ ಜಾಗಕ್ಕಲ್ಲ. ಅಲ್ಲಿದ್ದ ಹುತ್ತವನ್ನೋ ಜಾಲಿ ಗಿಡವನ್ನೋ ಗುರುತಿಟ್ಟುಕೊಂಡು ಅದಕ್ಕೆ ಲೇಸರ್ ಹೊಡೆಯಿರಿ.

ಅಳತೆಯಲ್ಲಿ ಆಗುವ ತಪ್ಪುಗಳು

ಬೇಕಾದದ್ದು ಗೆರೆಯಿಂದ ಹಿಂಡಿಗೆ ಇರುವ ಲಂಬ ದೂರ. ನೇರವಾಗಿ ಅಳೆಯಲಾಗುವುದಿಲ್ಲ, ಗೆರೆ ಬಿಟ್ಟು ಹೋಗುವಂತಿಲ್ಲ. ಆದ್ದರಿಂದ ಹಿಂಡಿನ ನಡುವಿಗೆ ದೂರ ಹಿಡಿಯಿರಿ, ಹಿಂಡಿನ ದಿಕ್ಕಿನ ಡಿಗ್ರಿ ಓದಿ, ಅದರಿಂದ ಗೆರೆಯ ದಿಕ್ಕಿನ ಡಿಗ್ರಿ ಕಳೆಯಿರಿ. ಗೆರೆ 0 ಡಿಗ್ರಿ, ಹಿಂಡು 30 ಡಿಗ್ರಿ, ದೂರ 180 ಮೀಟರ್ ಎಂದರೆ ಲಂಬ ದೂರ 180ನ್ನು ಸೈನ್ 30ರಿಂದ, ಅಂದರೆ 0.5ರಿಂದ ಗುಣಿಸಿದಷ್ಟು: 90 ಮೀಟರ್. ಓದುವಾಗ ಐದೇ ಡಿಗ್ರಿ ತಪ್ಪಿ 35 ಎಂದು ಬರೆದರೆ ಅದು 103 ಆಗುತ್ತದೆ. ಎಕ್ಸೆಲ್‌ನ ಸೈನ್ ಸೂತ್ರ ಡಿಗ್ರಿಯನ್ನಲ್ಲ, ರೇಡಿಯನ್ನನ್ನು ಬೇಡುತ್ತದೆ. 30 ಕೊಟ್ಟಾಗ 0.5 ಬದಲು ಋಣ ಸಂಖ್ಯೆ ಬಂದರೆ ಅಲ್ಲೇ ತಪ್ಪಿದೆ ಎಂದು ತಿಳಿಯಿರಿ.

ಕಂಪಾಸನ್ನು ಮೊಬೈಲು, ರೇಂಜ್‌ಫೈಂಡರು, ಬೆಲ್ಟಿನ ಬಕಲ್ ಎಲ್ಲದರಿಂದ ದೂರ ಹಿಡಿದು ಓದಿ. ಗೆರೆಯ ದಿಕ್ಕನ್ನೂ ಹಿಂಡಿನ ದಿಕ್ಕನ್ನೂ ಒಂದೇ ಕಂಪಾಸಿನಲ್ಲಿ ಓದಿದರೆ ಅದರ ಸಣ್ಣ ದೋಷ ಕಳೆಯುವಾಗಲೇ ಹೋಗುತ್ತದೆ. ರೇಂಜ್‌ಫೈಂಡರ್ ಎದುರಿನ ಹುಲ್ಲಿನ ತೆನೆಗೆ ಬಡಿದು 22 ಮೀಟರ್ ಎಂದು ತೋರಿಸುವುದುಂಟು. ಸಂಖ್ಯೆ ಕಣ್ಣಂದಾಜಿಗೆ ಹೊಂದದಿದ್ದರೆ ಮೂರು ಸಲ ಹೊಡೆದು ನೋಡಿ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ‘ಎದುರಿಗೇ ಇದೆ, ಸೊನ್ನೆ ಡಿಗ್ರಿ ಬರಿ’ ಎನ್ನುವ ಮಾತು. 300 ಮೀಟರ್ ದೂರದಲ್ಲಿ ಐದು ಡಿಗ್ರಿ ಪಕ್ಕಕ್ಕಿರುವ ಹಿಂಡು ಗೆರೆಯಿಂದ 26 ಮೀಟರ್ ಆಚೆಗಿರುತ್ತದೆ. ಅದನ್ನು ಸೊನ್ನೆ ಎಂದು ಬರೆದರೆ ಗೆರೆಯ ಮೇಲೆ ಇಲ್ಲದ ಪ್ರಾಣಿಗಳು ಗುಡ್ಡೆ ಬೀಳುತ್ತವೆ, ಅಂದಾಜು ಉಬ್ಬುತ್ತದೆ. 3 ಎಂದಿದ್ದರೆ 3 ಎಂದೇ ಬರೆಯಿರಿ, ಸೊನ್ನೆಗೋ ಐದಕ್ಕೋ ಸರಿಹೊಂದಿಸಬೇಡಿ.

ಹಿಂಡಿನಲ್ಲಿ ಎಷ್ಟು?

ಹಿಂಡು ಎಂದರೆ ಏನು ಎಂಬುದನ್ನು ಮೊದಲೇ ಕಟ್ಟಿ: ಪಕ್ಕದ ಪ್ರಾಣಿಗೆ 50 ಮೀಟರ್ ಒಳಗಿದ್ದರೆ ಒಂದೇ ಹಿಂಡು, ಅದಕ್ಕಿಂತ ದೂರವಿದ್ದರೆ ಬೇರೆ. ಒಂಟಿ ಗಂಡೂ ಒಂದು ಹಿಂಡೇ.

ಹತ್ತರೊಳಗಿನ ಹಿಂಡನ್ನು ಯಾರಾದರೂ ಎಣಿಸುತ್ತಾರೆ. ನಲವತ್ತು ದಾಟಿದರೆ ಎಲ್ಲರೂ ಕಡಿಮೆಯೇ ಹೇಳುತ್ತಾರೆ. ಆಫ್ರಿಕಾದ ವೈಮಾನಿಕ ಗಣತಿಗಳಲ್ಲಿ ಸುಮಾರು ಹತ್ತು ಮೀರಿದ ಹಿಂಡುಗಳ ಫೋಟೊ ತೆಗೆದು, ಇಳಿದ ಮೇಲೆ ಎಣಿಸುವ ರೂಢಿ ಇದೆ. ಇಲ್ಲೂ ಹಾಗೇ ಮಾಡಿ. ಹಿಂಡಿನ ಒಂದು ತುದಿಯಿಂದ ಇನ್ನೊಂದಕ್ಕೆ ಕಾಲು ಭಾಗ ಒಂದರ ಮೇಲೊಂದು ಬರುವಂತೆ ಸಾಲಾಗಿ ಚಿತ್ರ ತೆಗೆಯಿರಿ. ಕಂಪ್ಯೂಟರಿನಲ್ಲಿ ತೆರೆದು ಎಣಿಸಿದ ಪ್ರತಿ ಪ್ರಾಣಿಯ ಮೇಲೂ ಒಂದು ಚುಕ್ಕೆ ಇಡಿ. ಕಾಲೆಣಿಸಬೇಡಿ, ಬೆನ್ನೆಣಿಸಿ, ಹುಲ್ಲಿನಲ್ಲಿ ಕಾಲು ಕಾಣುವುದಿಲ್ಲ.

ತಂಡದ ಕಣ್ಣು ಪಳಗಿಸಲು ಖರ್ಚಿಲ್ಲದ ಉಪಾಯ ಇದು. ಹಿಂದಿನ ಸಂಜೆ ಕಂದು ಬಣ್ಣದ ಗೋಣಿಚೀಲ ಹಾಸಿ, ಒಬ್ಬರು ಹುರುಳಿಕಾಳನ್ನು ಹಿಡಿಯಲ್ಲಿ ತೆಗೆದು ಎರಚಲಿ. ಬಣ್ಣಕ್ಕೆ ಬಣ್ಣ ಬೆರೆತು ಕಾಳು ಹುಲ್ಲಿನಲ್ಲಿ ಜಿಂಕೆ ಕರಗುವಂತೆಯೇ ಕರಗುತ್ತದೆ. ಐದು ಸೆಕೆಂಡು ನೋಡಿ ಎಲ್ಲರೂ ಸಂಖ್ಯೆ ಬರೆಯಲಿ, ಆಮೇಲೆ ಕಾಳು ಎಣಿಸಿ. ಮೂವತ್ತು ಸಲ ಮಾಡಿದರೆ ಯಾರು ಎಷ್ಟು ಕಡಿಮೆ ಹೇಳುತ್ತಾರೆ ಎಂಬುದು ಗೊತ್ತಾಗುತ್ತದೆ. ಅರವತ್ತನ್ನು ಸದಾ ನಲವತ್ತೈದು ಎನ್ನುವವರಿಗೆ ಮರುದಿನ ಬರೆಯುವ ಕೆಲಸ ಕೊಡಿ.

ಗಂಡು, ಹೆಣ್ಣು, ಮರಿ ಬೇರ್ಪಡಿಸುವಾಗ ಬಣ್ಣವನ್ನು ನಂಬಬೇಡಿ. ದಕ್ಷಿಣದ ಗಂಡುಗಳು ಉತ್ತರದವುಗಳಂತೆ ಕಡುಗಪ್ಪಾಗುವುದು ಅಪರೂಪ, ಬಹಳಷ್ಟು ಗಾಢ ಕಂದಿನಲ್ಲೇ ನಿಲ್ಲುತ್ತವೆ. ಕೊಂಬು ನೋಡಿ. ಪೂರ್ತಿ ಸುರುಳಿ ಮೂರೋ ಹೆಚ್ಚೋ ಇದ್ದರೆ ಬೆಳೆದ ಗಂಡು. ಒಂದೆರಡು ಸುರುಳಿ ಅಥವಾ ಕಿವಿಯುದ್ದದ ನೆಟ್ಟಗಿನ ಕೊಂಬಾದರೆ ಎಳೆ ಗಂಡು. ಕೊಂಬಿಲ್ಲದ್ದು ಹೆಣ್ಣು. ಮರಿಗಳು ಹುಟ್ಟಿದ ಮೊದಲ ದಿನಗಳಲ್ಲಿ ಹುಲ್ಲಿನಲ್ಲಿ ಅಲ್ಲಾಡದೆ ಮಲಗಿರುತ್ತವೆ, ಆದ್ದರಿಂದ ಅವುಗಳ ಸಂಖ್ಯೆ ಯಾವಾಗಲೂ ಕಡಿಮೆಯೇ ಬರುತ್ತದೆ. ಹುಡುಕಿಕೊಂಡು ಹೋಗುವುದು ಬೇಡ. ನೀವು ತುಳಿದು ಹೋದ ಜಾಡು ಹಿಡಿದು ಬೀದಿನಾಯಿ ಬರುತ್ತದೆ. ಪ್ರತಿ 100 ಹೆಣ್ಣಿಗೆ ಕಂಡ ಮರಿ ಎಷ್ಟು ಎಂದು ಬರೆದಿಟ್ಟರೆ ಸಾಕು. ವರ್ಷದಿಂದ ವರ್ಷಕ್ಕೆ ಈ ಒಂದು ಸಂಖ್ಯೆ ಬಿದ್ದರೆ ಒಟ್ಟು ಎಣಿಕೆ ಕುಸಿಯುವ ಮುಂಚೆಯೇ ಎಚ್ಚರಿಕೆ ಸಿಗುತ್ತದೆ.

ಹೊಲಗಳಲ್ಲಿ

ಮೀಸಲಿನ ಹೊರಗೆ ನೇರ ಗೆರೆ ನಡೆಯಲಾಗದು: ಬೇಲಿ, ಬದು, ಬೆಳೆ. ಅಲ್ಲಿ ಏಕಕಾಲದ ಎಣಿಕೆ ಮಾಡಿ. ಸುತ್ತಲ ಹೊಲಗಳನ್ನು ರಸ್ತೆ, ಹಳ್ಳ, ಕೆರೆ ಏರಿಯ ಗುರುತಿನಲ್ಲಿ ತುಂಡುಗಳಾಗಿ ಹಂಚಿ, ತುಂಡಿಗೆ ಇಬ್ಬರಂತೆ ಆ ಊರಿನವರನ್ನೇ ನಿಲ್ಲಿಸಿ. ಗೆರೆ ನಡೆಯದ ಒಂದು ಬೆಳಿಗ್ಗೆ ಏಳರಿಂದ ಏಳೂವರೆಯೊಳಗೆ ಕಂಡ ಪ್ರತಿ ಹಿಂಡಿನ ಸಮಯ, ಗಂಡು-ಹೆಣ್ಣು-ಮರಿ ಸಂಖ್ಯೆ, ಹೋದ ದಿಕ್ಕು ಬರೆಯಬೇಕು. ಏಳು ಹದಿನೈದಕ್ಕೆ 14 ಹೆಣ್ಣು 2 ಗಂಡಿನ ಹಿಂಡು ಒಂದು ತುಂಡಿನಿಂದ ಪೂರ್ವಕ್ಕೆ ಹೋಯಿತು, ಏಳು ಇಪ್ಪತ್ತಕ್ಕೆ ಪಕ್ಕದ ತುಂಡಿಗೆ ಅಷ್ಟೇ ಬಂದವು ಎಂದರೆ ಅವು ಅವೇ, ಒಂದನ್ನು ಹೊಡೆದುಹಾಕಿ.

ರೈತರಿಗೆ ಸಂಖ್ಯೆಯನ್ನು ಮುಚ್ಚಿಡಬೇಡಿ. ಬೆಳೆ ಹಾನಿಯ ಪರಿಹಾರ ಕೇಳುವವರಿಗೂ ಈ ಲೆಕ್ಕ ಬೇಕು. ಆದರೆ ಹಿಂಡುಗಳ ಜಿಪಿಎಸ್ ಗುರುತನ್ನು ಮಾತ್ರ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಬೇಟೆಯವರೂ ಅದನ್ನು ಓದುತ್ತಾರೆ.

ಇದೇ ಜಿಲ್ಲೆಯ ಶಿರಾ ಕಡೆಯ ಬುಕ್ಕಾಪಟ್ಟಣಕ್ಕೆ ಈ ಕ್ರಮವನ್ನು ಹೀಗೇ ಒಯ್ಯಬೇಡಿ. ಅಲ್ಲಿಯದು ಚಿಂಕಾರ ಎಂಬ ಸಣ್ಣ ಹುಲ್ಲೆಗಾಗಿ 2019ರಲ್ಲಿ ಘೋಷಿಸಿದ ಅಭಯಾರಣ್ಯ, ಕುರುಚಲು ಕಾಡು. ಒಂದೆರಡಾಗಿ ಓಡಾಡುವ ಚಿಂಕಾರದ 60 ನೋಟ ಸಿಗಬೇಕಾದರೆ ಎಷ್ಟು ನಡೆದರೂ ಸಾಲದು. ಅಲ್ಲಿ ಪ್ರಾಣಿ ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಸರಿ.

ಲೆಕ್ಕ

ಕ್ರಮ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ; ಇದು ಮೈದನಹಳ್ಳಿಯ ಅಂಕಿ ಅಲ್ಲ. 32 ಕಿ.ಮೀ. ನಡೆದು, ಗೆರೆಯ ಎರಡೂ ಬದಿ 200 ಮೀಟರ್ ಒಳಗೆ 64 ಹಿಂಡು ಕಂಡಿರಿ ಎನ್ನಿ. ನೋಡಿದ ಜಾಗ 2 × 0.2 × 32 = 12.8 ಚದರ ಕಿ.ಮೀ. ಅದರಲ್ಲಿ ಇದ್ದ ಹಿಂಡುಗಳ ಪೈಕಿ ಶೇ 60 ಕಣ್ಣಿಗೆ ಬಿದ್ದಿವೆ ಎಂದು ದೂರಗಳ ಲೆಕ್ಕ ಹೇಳಿದರೆ, ನಿಜವಾಗಿ ನೋಡಿದ್ದು 7.68 ಚದರ ಕಿ.ಮೀ.ಗೆ ಸಮ. 64ನ್ನು 7.68ರಿಂದ ಭಾಗಿಸಿದರೆ ಚದರ ಕಿ.ಮೀ.ಗೆ 8.33 ಹಿಂಡು. ಸರಾಸರಿ ಹಿಂಡಿನಲ್ಲಿ 9 ಪ್ರಾಣಿ ಇದ್ದರೆ 75. ಮೀಸಲಿನ 3.23ರಿಂದ ಗುಣಿಸಿದರೆ 242.

ಶೇ 60 ಎಂಬುದನ್ನು ‘ಡಿಸ್ಟೆನ್ಸ್’ ಎಂಬ ಉಚಿತ ತಂತ್ರಾಂಶ ಕೊಡುತ್ತದೆ. ಅದಕ್ಕೆ ಕೊಡುವ ಮುನ್ನ ಲಂಬ ದೂರಗಳನ್ನು 20 ಮೀಟರ್‌ಗೆ ಒಂದು ಕಂಬದಂತೆ ನೀವೇ ಚಿತ್ರ ಬಿಡಿಸಿ ನೋಡಿ. ಗೆರೆಯ ಬಳಿ ಎತ್ತರವಾಗಿ, ದೂರ ಹೋದಂತೆ ಮೆಲ್ಲಗೆ ಇಳಿದರೆ ಸರಿ. ಮೊದಲ ಕಂಬ ಮಾತ್ರ ಗೋಪುರದಂತೆ ಎದ್ದಿದ್ದರೆ ಯಾರೋ ಸೊನ್ನೆ ಡಿಗ್ರಿ ಬರೆದಿದ್ದಾರೆ. ಮೊದಲ ಕಂಬ ಕುಳ್ಳಗಿದ್ದು ಮೂರನೆಯದೋ ನಾಲ್ಕನೆಯದೋ ಎತ್ತರವಿದ್ದರೆ ಹಿಂಡು ಸರಿದ ಮೇಲೆ ಅಳೆದಿದ್ದೀರಿ. ಇದಕ್ಕೆ ತಂತ್ರಾಂಶದಲ್ಲಿ ಮದ್ದಿಲ್ಲ, ಮುಂದಿನ ಸುತ್ತನ್ನು ಇನ್ನೂ ನಿಧಾನವಾಗಿ ನಡೆಯಬೇಕು. ಅತಿ ದೂರದ ಶೇ 5ರಿಂದ 10 ನೋಟಗಳನ್ನು ಕತ್ತರಿಸಿ ಹಾಕಿ. ಅವು ಮಾಹಿತಿಗಿಂತ ಗೊಂದಲವನ್ನೇ ಹೆಚ್ಚು ತರುತ್ತವೆ.

ಇನ್ನು 242ರ ಪಕ್ಕದಲ್ಲಿ ಬರೆಯಲೇಬೇಕಾದ್ದು ಅದರ ಹರವು. ತಪ್ಪಿನ ಪ್ರಮಾಣ (ಸ್ಟ್ಯಾಂಡರ್ಡ್ ಎರರ್) ಶೇ 20 ಬಂದರೆ, ಶೇ 95 ಖಾತ್ರಿಯ ಲೆಕ್ಕದಲ್ಲಿ ನಿಜವಾದ ಸಂಖ್ಯೆ 164 ಮತ್ತು 357ರ ನಡುವೆ ಎಲ್ಲೋ ಇದೆ. ಹಾಗಿರುವಾಗ ಮುಂದಿನ ವರ್ಷ 200 ಬಂದರೆ ‘42 ಜಿಂಕೆ ಸತ್ತವು’ ಎಂದು ಪತ್ರಿಕೆಗೆ ಹೇಳುವುದು ತಪ್ಪು. ಸೆರೆಂಗೆಟಿಯ ಲೆಕ್ಕ ಇದಕ್ಕಿಂತಲೂ ನಾಜೂಕು. ಅಲ್ಲಿನ ರೂಢಿಯಂತೆ ನೆಲದಿಂದ ಸುಮಾರು 300 ಅಡಿ ಎತ್ತರದಲ್ಲಿ ಹಾರುತ್ತಾ ವಿಮಾನದ ಎರಡೂ ಬದಿ 150 ಮೀಟರ್ ಪಟ್ಟಿಯಲ್ಲಿ ಮಾತ್ರ ಎಣಿಸುತ್ತಾರೆ. ಗೆರೆಗಳು 5 ಕಿ.ಮೀ.ಗೆ ಒಂದಿದ್ದರೆ ನೋಡುವುದು ನೆಲದ ಶೇ 6 ಮಾತ್ರ, ಅಂದರೆ ಕಾಣದೆ ತಪ್ಪಿದ ಒಂದು ಪ್ರಾಣಿ ಲೆಕ್ಕದಲ್ಲಿ ಹದಿನೇಳಾಗಿ ತಪ್ಪುತ್ತದೆ. ಪೈಲಟ್ 350 ಅಡಿಗೆ ಏರಿದರೆ ಪಟ್ಟಿ ತಾನಾಗಿ 175 ಮೀಟರ್ ಆಗಿಬಿಡುವುದರಿಂದ, ಮುಂದೆ ಕೂತವರು ಎತ್ತರವನ್ನು ಬರೆಯುತ್ತಲೇ ಇರಬೇಕಾಗುತ್ತದೆ.

ಗಣತಿ ಮುಗಿದ ಸಂಜೆಯೇ, ಕೈಬರಹ ಬರೆದವರಿಗೆ ನೆನಪಿರುವಾಗಲೇ, ಎಲ್ಲ ಹಾಳೆಗಳನ್ನೂ ಫೋಟೊ ತೆಗೆದು ಎರಡು ಕಡೆ ಇಡಿ. ಮೂಲ ಹಾಳೆಯನ್ನು ಎಸೆಯಬೇಡಿ. ಪ್ರತಿ ಹಾಳೆಯ ಮೇಲೆ ದಿನಾಂಕ, ಗೆರೆಯ ಸಂಖ್ಯೆ, ಶುರುವಾದ ಮತ್ತು ಮುಗಿದ ಸಮಯ, ಮಂಜು ಇತ್ತೇ, ಹುಲ್ಲು ಮೊಣಕಾಲಿಗಿಂತ ಎತ್ತರವಿತ್ತೇ, ಕುರಿ ಹಿಂಡು ಗೆರೆಯ ಮೇಲೆ ಬಂತೇ, ಯಾವ ತಂಡ, ಯಾವ ರೇಂಜ್‌ಫೈಂಡರ್ ಎಂದು ಇರಲಿ. ಹಿಂಡು ಕಾಣದ ಗೆರೆಯ ಹಾಳೆಯನ್ನೂ ಸೊನ್ನೆ ಬರೆದು ಸೇರಿಸಿ. ಆ ಗೆರೆಯ ಉದ್ದ ಲೆಕ್ಕದಿಂದ ಬಿಟ್ಟುಹೋದರೆ ಉಳಿದ ಗೆರೆಗಳ ಜಿಂಕೆಗಳು ಇದ್ದದ್ದಕ್ಕಿಂತ ದಟ್ಟವಾಗಿ ಕಾಣುತ್ತವೆ.